ಸೊಂಟ ಹಿಡಿದರೆ ಹಾಸಿಗೆ ಹಿಡಿಯಬೇಕಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಬೆನ್ನುನೋವಿನವೇ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕ. 2050ರ ಹೊತ್ತಿಗೆ ಅದು 84.3 ಕೋಟಿ ಮುಟ್ಟಬಹುದೆಂಬ ಅಂದಾಜಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡು ಮೂಳೆ ತಜ್ಞರು ಮತ್ತು ಫಿಸಿಯೋಥೆರಪಿಸ್ಟರು ಸೇರಿ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೂರು ದಿನದ ಹಿಂದೆ ಬಗ್ಗಿ ನೀರಿನ ಬಕೆಟ್ ಎತ್ತಿದೆ. ಸೊಂಟದಲ್ಲಿ ಛಳಕ್ ಅಂದಿತು, ಅಲ್ಲೇ ನಿಂತುಬಿಟ್ಟೆ. ಈಗ ನೆಟ್ಟಗೆ ನಿಲ್ಲಲೂ ಆಗುತ್ತಿಲ್ಲ, ಮೈ ಒಂದು ಕಡೆಗೆ ವಾಲಿದೆ. ಕಾಲಿಗೆ ನೋವಿಲ್ಲ. ಹಲಗೆ ಮೇಲೆ ಹತ್ತು ದಿನ ಅಲ್ಲಾಡದೆ ಮಲಗು ಅನ್ನುತ್ತಾರೆ ಮನೆಯ ಹಿರಿಯರು. ಸ್ಕ್ಯಾನ್ ಮಾಡಿಸಲೇ? (ವಯಸ್ಸು 38)

ಉತ್ತರ: ಹತ್ತು ದಿನ ಮಲಗಬೇಡಿ. ಬೇರೆಲ್ಲಕ್ಕಿಂತ ಮೊದಲು ಇದನ್ನು ಹೇಳಿಬಿಡುತ್ತೇವೆ. ಎರಡು ವಾರದಲ್ಲಿ ಇಳಿಯಬೇಕಾದ ನೋವನ್ನು ಎರಡು ತಿಂಗಳಿಗೆ ಎಳೆಯುವುದು ಎಷ್ಟೋ ಸಲ ಆ ಹಾಸಿಗೆಯೇ. ಎರಡು ದಿನ ಮಲಗಿದವರನ್ನೂ ಏಳು ದಿನ ಮಲಗಿದವರನ್ನೂ ಹೋಲಿಸಿದ ಅಮೆರಿಕದ ಅಧ್ಯಯನವೊಂದು 1986ರಲ್ಲೇ ಪ್ರಕಟವಾಗಿದೆ. ಏಳು ದಿನ ಮಲಗಿದವರಿಗೆ ಹೆಚ್ಚಿನ ಲಾಭವೇನೂ ಸಿಗಲಿಲ್ಲ, ಕೆಲಸಕ್ಕೆ ರಜೆ ಮಾತ್ರ ಜಾಸ್ತಿಯಾಯಿತು. ಅಲ್ಲಾಡದೆ ಮಲಗಿದರೆ ಬೆನ್ನಿನ ಸ್ನಾಯು ದಿನೇ ದಿನೇ ಸೊರಗುತ್ತದೆ, ಕೀಲುಗಳು ಬಿಗಿಯುತ್ತವೆ, ಎದ್ದರೆ ಏನಾಗುತ್ತದೋ ಎಂಬ ಅಂಜಿಕೆ ಬೆಳೆಯುತ್ತದೆ.

ನಿಮ್ಮ ಸೊಂಟದಲ್ಲಿ ಆಗಿರುವುದು ಹೆಚ್ಚಾಗಿ ಇಷ್ಟು: ಬೆನ್ನುಮೂಳೆಯ ಮಣಿಗಳ ಹಿಂಭಾಗದ ಸಣ್ಣ ಕೀಲು, ಅಸ್ಥಿಬಂಧ, ಸ್ನಾಯು ಅಥವಾ ಮಣಿಗಳ ನಡುವಿನ ಡಿಸ್ಕಿನ ಹೊರಪದರ, ಇವುಗಳಲ್ಲಿ ಯಾವುದೋ ಒಂದು ಜಗ್ಗಿದೆ. ಇಂಥದ್ದೇ ಎಂದು ಬೆರಳಿಟ್ಟು ತೋರಿಸಲು ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಆಗುವುದಿಲ್ಲ, ತೋರಿಸಿದರೂ ಚಿಕಿತ್ಸೆ ಬದಲಾಗುವುದಿಲ್ಲ. ಜಗ್ಗಿದ ಜಾಗವನ್ನು ಕಾಯಲು ಸುತ್ತಲಿನ ಸ್ನಾಯುಗಳು ಕಲ್ಲಿನ ಹಾಗೆ ಬಿಗಿದುಕೊಳ್ಳುತ್ತವೆ. ಮೈ ಒಂದು ಕಡೆ ವಾಲಿರುವುದು ಆ ಬಿಗಿತದಿಂದ. ಮಣಿ ಜಾರಿದೆ ಎಂದು ಯಾರಾದರೂ ಬೆನ್ನು ತುಳಿದು, ತಿರುವಿ ‘ಕೂರಿಸಲು’ ಬಂದರೆ ಬೇಡ ಅನ್ನಿ.

ಈಗ ಮಾಡಬೇಕಾದದ್ದು. ನೋವು ತಡೆಯಲಾಗದಾಗ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ಸೊಂಟದ ಬಳಿಯೂ ಮೊಣಕಾಲ ಬಳಿಯೂ 90 ಡಿಗ್ರಿ ಮಡಿಕೆ ಬರಲಿ. ಹತ್ತು ಹದಿನೈದು ನಿಮಿಷ ಸಾಕು. ಏಳುವಾಗ ನೇರ ಮುಂದಕ್ಕೆ ಎದ್ದು ಕೂರಲು ಹೋಗಬೇಡಿ, ಛಳಕ್ ಅನ್ನುವುದು ಅಲ್ಲೇ. ಮೊದಲು ಮೊಣಕಾಲು ಮಡಚಿ, ಭುಜವೂ ಸೊಂಟವೂ ಒಟ್ಟಿಗೇ ಬರುವಂತೆ ಮರದ ದಿಮ್ಮಿ ಉರುಳಿದ ಹಾಗೆ ಮಗ್ಗುಲಾಗಿ. ಮಂಚದಲ್ಲಿದ್ದರೆ ಕಾಲುಗಳನ್ನು ಅಂಚಿನಿಂದ ಕೆಳಗೆ ಇಳಿಬಿಡುತ್ತಲೇ ಮೊಣಕೈ ಊರಿ ಮೇಲಕ್ಕೆ ಬನ್ನಿ. ಕಾಲಿನ ಭಾರವೇ ನಿಮ್ಮನ್ನು ಎಬ್ಬಿಸುತ್ತದೆ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಐದು ನಿಮಿಷ ಮನೆಯೊಳಗೇ ನಡೆಯಿರಿ. ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ 15ರಿಂದ 20 ನಿಮಿಷ ಕಾಯಿಸಿಕೊಳ್ಳಿ, ದಿನಕ್ಕೆ ಮೂರು ನಾಲ್ಕು ಸಲ. ಅದರ ಮೇಲೆ ಮಲಗಿ ನಿದ್ದೆ ಹೋಗಬೇಡಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ.

ಮಾತ್ರೆಯ ವಿಷಯ. ಪ್ಯಾರಾಸಿಟಮಾಲ್ ಒಂದನ್ನೇ ನುಂಗಿದರೆ ಹೊಸ ಸೊಂಟನೋವು ಬೇಗ ಇಳಿಯುವುದಿಲ್ಲ. 1600ಕ್ಕೂ ಹೆಚ್ಚು ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಅದು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಜಾತಿಯ ಉರಿಯೂತ ನಿವಾರಕಗಳು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತವೆ. ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ, ಊಟವಾದ ಮೇಲೆ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಸ್ಕ್ಯಾನ್ ಈಗ ಬೇಕಿಲ್ಲ. ಎರಡು ವಾರದಲ್ಲಿ ಗಣನೀಯವಾಗಿ ಕಡಿಮೆಯಾಗಿ, ಆರು ವಾರದೊಳಗೆ ಹೆಚ್ಚಿನವರು ಮಾಮೂಲಿ ಕೆಲಸಕ್ಕೆ ಮರಳುತ್ತಾರೆ. ಆರು ವಾರವಾದರೂ ಇಳಿಮುಖವಾಗದಿದ್ದರೆ, ಅಥವಾ ನೋವು ಮೊಣಕಾಲು ದಾಟಿ ಕೆಳಗಿಳಿದರೆ ತೋರಿಸಿ.

ಪ್ರಶ್ನೆ: ಆಗಾಗ ಸೊಂಟನೋವು ಬರುತ್ತದೆ ಎಂದು ಎಂಆರ್‌ಐ ಮಾಡಿಸಿದೆ. ‘ಎಲ್4–ಎಲ್5 ಡಿಸ್ಕ್ ಬಲ್ಜ್, ಡಿಸ್ಕ್ ಸವೆತ’ ಎಂದು ಬರೆದಿದ್ದಾರೆ. ಕಾಲುನೋವು, ಜೋಮು ಯಾವುದೂ ಇಲ್ಲ. ಆದರೂ ಅಂದಿನಿಂದ ಬಗ್ಗುವುದನ್ನೇ ಬಿಟ್ಟಿದ್ದೇನೆ. ಡಿಸ್ಕ್ ಪೂರ್ತಿ ಹೊರಬಂದರೆ ಕಾಲು ಬಿದ್ದುಹೋಗುತ್ತದೆಯೇ? (ವಯಸ್ಸು 42)

ಉತ್ತರ: ವರದಿಯಲ್ಲಿರುವ ಈ ಎರಡು ಪದಗಳು ಹುಟ್ಟಿಸುವಷ್ಟು ಭಯವನ್ನು ಆ ಡಿಸ್ಕ್ ಹುಟ್ಟಿಸಬೇಕಿಲ್ಲ. 2015ರಲ್ಲಿ ಸಂಶೋಧಕರು, ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನುಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. 20ರ ಹರೆಯದಲ್ಲೇ ಶೇ 37 ಜನರಲ್ಲಿ ಡಿಸ್ಕ್ ಸವೆತ, ಶೇ 30 ಜನರಲ್ಲಿ ಬಲ್ಜ್. 40ರಲ್ಲಿ ಸವೆತ ಶೇ 68, ಬಲ್ಜ್ ಶೇ 50. 80ರಲ್ಲಿ ಸವೆತ ಶೇ 96. ಇವರಲ್ಲಿ ಒಬ್ಬರಿಗೂ ನೋವಿರಲಿಲ್ಲ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ. ನಿಮ್ಮ ವಯಸ್ಸಿನವರನ್ನು ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡಿದರೆ ಇಬ್ಬರಲ್ಲಿ ಒಬ್ಬರ ವರದಿ ನಿಮ್ಮದರ ಹಾಗೇ ಇರುತ್ತದೆ. ತಲೆಗೂದಲು ನರೆತ ಹಾಗೆ ಡಿಸ್ಕೂ ನರೆಯುತ್ತದೆ.

ಬಲ್ಜ್ ಎಂದರೆ ಏನೆಂದು ತಿಳಿದರೆ ಭಯ ಅರ್ಧ ಇಳಿಯುತ್ತದೆ. ಎಲ್4, ಎಲ್5 ಎಂದರೆ ಸೊಂಟದ ನಾಲ್ಕನೇ, ಐದನೇ ಮಣಿಗಳು. ಎರಡು ಮಣಿಗಳ ನಡುವಿನ ಡಿಸ್ಕ್ ಒಂದು ಗಟ್ಟಿ ಬಿಲ್ಲೆ. ಅದರ ಹೊರಗೆ ಈರುಳ್ಳಿಯಂತೆ ಪದರಪದರವಾಗಿ ಸುತ್ತಿದ ನಾರಿನ ಉಂಗುರ, ಒಳಗೆ ನೀರು ತುಂಬಿದ ಲೋಳೆ. ಮೇಲಿನ ಕೆಳಗಿನ ಮಣಿಗಳಿಗೆ ಅದು ಬಿಗಿಯಾಗಿ ಅಂಟಿಕೊಂಡಿರುತ್ತದೆ, ಸಾಬೂನಿನ ಹಾಗೆ ಜಾರಲು ಸಾಧ್ಯವೇ ಇಲ್ಲ. ಲೋಳೆಯ ನೀರು ಕಡಿಮೆಯಾದಾಗ ಬಿಲ್ಲೆ ಸ್ವಲ್ಪ ಕುಸಿದು ಅಂಚು ಸುತ್ತಲೂ ಉಬ್ಬುತ್ತದೆ. ಇದು ಬಲ್ಜ್. ಉಂಗುರ ಒಂದು ಕಡೆ ಹರಿದು ಲೋಳೆ ಹೊರಬಂದು ನರಕ್ಕೆ ತಾಗುವುದು ಬೇರೆ ಸಂಗತಿ. ಆಗ ಕಾಲಿನಲ್ಲಿ ಅದರ ಗುರುತು ಕಾಣಿಸುತ್ತದೆ. ನಿಮಗೆ ಕಾಲುನೋವು, ಜೋಮು ಯಾವುದೂ ಇಲ್ಲವೆಂದು ಬರೆದಿದ್ದೀರಿ.

ಬಗ್ಗುವುದನ್ನು ಬಿಡಬೇಡಿ. ವಯಸ್ಕರ ಡಿಸ್ಕಿಗೆ ನೇರ ರಕ್ತನಾಳವಿಲ್ಲ. ನಡೆದಾಗ, ಬಗ್ಗಿ ಎದ್ದಾಗ ಆಗುವ ಒತ್ತಡದ ಏರಿಳಿತ ಅದಕ್ಕೆ ಪೋಷಕಾಂಶ ಒಳಗೆಳೆದುಕೊಳ್ಳಲು ನೆರವಾಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಬೆಳಿಗ್ಗೆ ನಾವು ರಾತ್ರಿಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರವಿರುವುದು ಇದರಿಂದಲೇ. ಆಗ ಪೂರ್ತಿ ಬಗ್ಗಿದರೆ ನಾರಿನ ಮೇಲೆ ಎಳೆತ ಹೆಚ್ಚು. ಎದ್ದ ಮೊದಲ ಒಂದು ಗಂಟೆ ಭಾರ ಎತ್ತುವುದು, ನೆಲದವರೆಗೆ ಬಾಗುವ ವ್ಯಾಯಾಮ ಬೇಡ.

ಪ್ರಶ್ನೆ: ಒಂದು ತಿಂಗಳಿಂದ ಬಲ ಪೃಷ್ಠದಿಂದ ಶುರುವಾಗಿ ಹೆಬ್ಬೆರಳವರೆಗೆ ಕರೆಂಟು ಹೊಡೆದ ಹಾಗೆ ನೋವು. ಕೆಮ್ಮಿದರೆ, ಸೀನಿದರೆ ಜಾಸ್ತಿ. ಪಾದದ ಮೇಲೆ ಇರುವೆ ಹರಿದಂತಾಗುತ್ತದೆ. ಆಪರೇಷನ್ ಆಗಲೇಬೇಕೇ? (ವಯಸ್ಸು 45)

ಉತ್ತರ: ಇದು ಸಯಾಟಿಕಾ, ಅಂದರೆ ಸೊಂಟದಿಂದ ಹೊರಡುವ ನರ ಕೆರಳಿ ಕಾಲಿಗೆ ಇಳಿಯುವ ನೋವು. ಕೆಮ್ಮಿದಾಗ ಕಾಲಿಗೆ ಹೊಡೆಯುವ ನೋವು ನರದ ಬೇರಿಗೆ ಏನೋ ತಾಗುತ್ತಿದೆ ಎಂಬುದಕ್ಕೆ ಒಳ್ಳೆಯ ಗುರುತು. ಯಾವ ಬೇರು ಎಂಬುದನ್ನು ನೋವು ಹಿಡಿದ ದಾರಿಯೇ ಹೇಳುತ್ತದೆ. ಕಾಲಿನ ಹೊರಮಗ್ಗುಲಿನಿಂದ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ ಬಂದರೆ ಐದನೇ ಸೊಂಟದ ನರ, ಅಂದರೆ ಎಲ್5. ಮೀನಖಂಡ, ಹಿಮ್ಮಡಿ, ಪಾದದ ಹೊರ ಅಂಚು, ಕಿರುಬೆರಳಿನ ಕಡೆ ಹೋದರೆ ಎಸ್1, ಅಂದರೆ ಸೊಂಟದ ಕೆಳಗಿನ ತ್ರಿಕಾಸ್ಥಿಯ ಮೊದಲ ನರ. ಮೊಣಕಾಲ ಮುಂದಿನಿಂದ ಕಾಲಿನ ಒಳಮಗ್ಗುಲಿಗೆ ಇಳಿದರೆ ಎಲ್4. ಡಿಸ್ಕಿನಿಂದ ಆಗುವ ಒತ್ತುವಿಕೆ ಬಹುತೇಕ ಕೊನೆಯ ಎರಡು ಡಿಸ್ಕುಗಳಲ್ಲೇ, ಎಲ್4–ಎಲ್5 ಅಥವಾ ಎಲ್5–ಎಸ್1. ನಿಮ್ಮದು ಎಲ್5 ಇದ್ದಂತಿದೆ.

ನೋವಿಗಿಂತ ಬಲ ಮುಖ್ಯ. ವಾರಕ್ಕೆರಡು ಸಲ ಗೋಡೆಯ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಹಿಮ್ಮಡಿ ಮಾತ್ರ ಊರಿ, ಮುಂಪಾದ ಎತ್ತಿ ಹತ್ತು ಹೆಜ್ಜೆ ನಡೆಯಿರಿ. ಬಲ ಮುಂಪಾದ ಕೆಳಗೆ ಬಿದ್ದರೆ ಎಲ್5 ಸೋತಿದೆ. ಆಮೇಲೆ ಬಲಗಾಲೊಂದರ ಮೇಲೆ ನಿಂತು ತುದಿಬೆರಳಿನ ಮೇಲೆ ಹತ್ತು ಸಲ ಏಳಿ, ಎಡಗಾಲಿನಲ್ಲೂ ಮಾಡಿ ಹೋಲಿಸಿ. ಬಲಗಾಲು ಏಳಲಾಗದಿದ್ದರೆ ಎಸ್1. ಚಪ್ಪಲಿ ಕಾಲಿನಿಂದ ತಾನಾಗಿ ಕಳಚಿ ಬೀಳುತ್ತಿದೆ, ನಡೆಯುವಾಗ ಪಾದ ಪಟ್ ಎಂದು ನೆಲಕ್ಕೆ ಬಡಿಯುತ್ತಿದೆ ಎಂದಾದರೆ ತಡ ಮಾಡದೆ ಬೆನ್ನುಮೂಳೆ ತಜ್ಞರನ್ನು ಕಾಣಿ.

ಬಲ ಸರಿಯಿದ್ದರೆ ಕಾಯಬಹುದು. ಹೊರಬಂದ ಲೋಳೆಯನ್ನು ದೇಹವೇ ನಿಧಾನವಾಗಿ ಹೀರಿಕೊಳ್ಳುತ್ತದೆ. ಹೆಚ್ಚು ಹೊರಬಂದ ತುಂಡುಗಳೇ ಹೆಚ್ಚಾಗಿ ಕರಗುವುದೂ ಉಂಟು. 2007ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ್ದ 283 ಜನರನ್ನು ಎರಡು ಗುಂಪು ಮಾಡಿದರು. ಬೇಗ ಶಸ್ತ್ರಚಿಕಿತ್ಸೆಯಾದವರ ಕಾಲುನೋವು ಬೇಗ ಇಳಿಯಿತು. ಆದರೆ ಒಂದು ವರ್ಷ ಕಳೆದಾಗ ಎರಡೂ ಗುಂಪಿನಲ್ಲಿ ಶೇ 95ರಷ್ಟು ಜನ ಚೇತರಿಸಿಕೊಂಡಿದ್ದರು. ಅಂದರೆ ನರ ಸೋಲದಿದ್ದಾಗ ಆಪರೇಷನ್ ಬೇಗ ಗುಣವಾಗಲು ಮಾಡಿಸುವಂಥದ್ದು. ನಿದ್ದೆ, ಕೆಲಸ ಎರಡೂ ಹಾಳಾಗಿ ಎರಡು ಮೂರು ತಿಂಗಳಾದರೂ ಬಿಡದಿದ್ದರೆ ಮಾಡಿಸಿಕೊಳ್ಳುವುದು ತಪ್ಪೂ ಅಲ್ಲ. ಅಲ್ಲಿಯವರೆಗೆ ಒಂದೇ ಸಮನೆ ಕೂರುವುದನ್ನು 20 ನಿಮಿಷಕ್ಕೆ ಮಿತಿಗೊಳಿಸಿ, ತೊಡೆಯ ಹಿಂಭಾಗ ಜಗ್ಗುವ ವ್ಯಾಯಾಮ ನಿಲ್ಲಿಸಿ. ಅಲ್ಲಿ ಬಿಗಿಯಾಗಿರುವುದು ಸ್ನಾಯುವಲ್ಲ, ಕೆರಳಿದ ನರ. ಎಳೆದಷ್ಟೂ ಕೆರಳುತ್ತದೆ. ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ದಿಂಬಿರಲಿ. ನೋವು ಪಾದದಿಂದ ಮೀನಖಂಡಕ್ಕೆ, ತೊಡೆಗೆ, ಸೊಂಟಕ್ಕೆ ಎಂದು ಮೇಲೇರುತ್ತಿದ್ದರೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿಯಾದರೂ ಸರಿ, ಗುಣವಾಗುತ್ತಿದೆ ಎಂದೇ ತಿಳಿಯಿರಿ.

ಪ್ರಶ್ನೆ: ಯಾವ ಲಕ್ಷಣ ಕಂಡರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು?

ಉತ್ತರ: ಮೂತ್ರ ಬರುತ್ತಿಲ್ಲ, ಅಥವಾ ಗೊತ್ತಾಗದೆ ಸೋರುತ್ತಿದೆ. ಸೈಕಲ್ ಸೀಟಿಗೆ ತಾಗುವ ಜಾಗ, ಅಂದರೆ ಗುದ, ಜನನಾಂಗ, ತೊಡೆಯ ಒಳಭಾಗ ಮರಗಟ್ಟಿದೆ, ಶೌಚದ ನಂತರ ತೊಳೆದುಕೊಳ್ಳುವಾಗ ಕೈ ತಾಗಿದ್ದೇ ತಿಳಿಯುತ್ತಿಲ್ಲ. ಮಲದ ಹಿಡಿತ ತಪ್ಪಿದೆ. ಎರಡೂ ಕಾಲು ಸೋಲುತ್ತಿವೆ. ಇವುಗಳಲ್ಲಿ ಒಂದಿದ್ದರೂ ಬೆಳಗಾಗುವವರೆಗೆ ಕಾಯಬಾರದು. ಮಿದುಳುಬಳ್ಳಿ ಸೊಂಟದ ಮೊದಲ ಎರಡು ಮಣಿಗಳ ಬಳಿಯೇ ಮುಗಿಯುತ್ತದೆ, ಕೆಳಗೆ ನರಗಳು ಕುದುರೆಯ ಬಾಲದಂತೆ ಇಳಿಯುತ್ತವೆ. ದೊಡ್ಡ ಡಿಸ್ಕ್ ತುಂಡು ಆ ಇಡೀ ಗೊಂಚಲನ್ನು ಅದುಮಿದಾಗ ಹೀಗಾಗುತ್ತದೆ. ಒತ್ತಡವನ್ನು ಆದಷ್ಟು ಬೇಗ, ಗಂಟೆಗಳ ಲೆಕ್ಕದಲ್ಲಿ ತೆಗೆಯಬೇಕು. ತಡವಾದರೆ ಮೂತ್ರದ ಹಿಡಿತ ಮರಳದೇ ಇರಬಹುದು. ಹೇಳಿಕೊಳ್ಳಲು ಸಂಕೋಚಪಡುವ ಲಕ್ಷಣಗಳು ಇವು. ದಯವಿಟ್ಟು ಬಾಯಿಬಿಟ್ಟು ಹೇಳಿ, ವೈದ್ಯರು ಕೇಳದಿದ್ದರೂ ಹೇಳಿ.

ಒಂದೆರಡು ದಿನದೊಳಗೆ ತೋರಿಸಬೇಕಾದವು ಬೇರೆ: ಜ್ವರ, ಚಳಿಯ ಜೊತೆ ಬೆನ್ನುನೋವು. ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆಯ ಜ್ವರ, ರಾತ್ರಿ ಬೆವರು, ಇದು ಬೆನ್ನುಮೂಳೆಯ ಕ್ಷಯವೂ ಇರಬಹುದು. ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಶುರುವಾದ ನೋವು. ಯಾವ ಮಗ್ಗುಲಾದರೂ ಇಳಿಯದೆ ರಾತ್ರಿಯಿಡೀ ಒಂದೇ ಸಮ ಕೊರೆಯುವ ನೋವು. ಬಿದ್ದ ಮೇಲೆ, ಅಪಘಾತದ ಮೇಲೆ ಬಂದದ್ದು. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಬಂದದ್ದು.

ಪ್ರಶ್ನೆ: ಒಂದು ವರ್ಷದಿಂದ ಬೆಳಿಗ್ಗೆ ಎದ್ದಾಗ ಸೊಂಟ ಮರದಂತಾಗಿರುತ್ತದೆ. ಒಂದು ಗಂಟೆ ಓಡಾಡಿದ ಮೇಲೆ ಸರಿ. ನಸುಕಿನ ಮೂರು ಗಂಟೆಗೆ ನೋವಿನಿಂದ ಎಚ್ಚರವಾಗುತ್ತದೆ. ಎಕ್ಸ್‌ರೇ ಸರಿಯಿದೆ ಅಂದರು. (ಯುವಕ, 26)

ಉತ್ತರ: ಎಕ್ಸ್‌ರೇ ಸರಿಯಿದೆ ಎಂದು ಇದನ್ನು ಬಿಡಬೇಡಿ. ಮಾಮೂಲಿ ಸೊಂಟನೋವು ಕೆಲಸ ಮಾಡಿದರೆ ಹೆಚ್ಚಿ, ಮಲಗಿದರೆ ಇಳಿಯುತ್ತದೆ. ನಿಮ್ಮದು ತಿರುಗಾಮುರುಗಾ. 40ರೊಳಗೆ ನಿಧಾನವಾಗಿ ಶುರುವಾಗಿ ಮೂರು ತಿಂಗಳು ಮೀರಿದ್ದು, ಅರ್ಧ ಗಂಟೆಗೂ ಮಿಕ್ಕಿದ ಬೆಳಗಿನ ಬಿಗಿತ, ರಾತ್ರಿಯ ಉತ್ತರಾರ್ಧದಲ್ಲಿ ಎಬ್ಬಿಸುವ ನೋವು, ಇವೆಲ್ಲ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ ವಾತರೋಗವನ್ನು ತೋರಿಸುತ್ತವೆ. ಎಕ್ಸ್‌ರೇಯಲ್ಲಿ ಇದು ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು. ಬೆನ್ನಿನ ಬುಡ ಕಟಿಮೂಳೆಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲಿನ ಎಂಆರ್‌ಐ, ಎಚ್‌ಎಲ್‌ಎ-ಬಿ27 ಮತ್ತು ಸಿಆರ್‌ಪಿ ರಕ್ತಪರೀಕ್ಷೆ (ಮೊದಲನೆಯದು ಈ ಕಾಯಿಲೆಗೆ ಸಂಬಂಧಿಸಿದ ವಂಶವಾಹಿಯನ್ನು, ಎರಡನೆಯದು ಉರಿಯೂತವನ್ನು ತೋರಿಸುತ್ತದೆ) ಬೇಕಾಗುತ್ತವೆ. ಮೂಳೆ ತಜ್ಞರಿಗಿಂತ ವಾತರೋಗ ತಜ್ಞರನ್ನು ಕಾಣಿ. ಒಂದು ಕಣ್ಣು ಕೆಂಪಾಗಿ ನೋಯುವುದು, ಬೆಳಕು ನೋಡಲಾಗದಿರುವುದು ಯಾವಾಗಲಾದರೂ ಆಗಿದ್ದರೆ ಮರೆಯದೆ ಹೇಳಿ, ಅದೂ ಇದೇ ಕಾಯಿಲೆಯ ಕೈವಾಡವಿರಬಹುದು. ವ್ಯಾಯಾಮ ಇಲ್ಲಿ ಔಷಧದಷ್ಟೇ ಮುಖ್ಯ, ಬಿಟ್ಟರೆ ಬೆನ್ನು ಬಾಗಿದ ಹಾಗೇ ಬೆಸೆದುಕೊಳ್ಳುವ ಅಪಾಯವಿದೆ.

ಪ್ರಶ್ನೆ: ಅಮ್ಮನಿಗೆ 68. ಇನ್ನೂರು ಮೀಟರ್ ನಡೆದರೆ ಎರಡೂ ಕಾಲು ಭಾರವಾಗಿ ನೋಯುತ್ತವೆ, ಕೂತರೆ ಎರಡು ನಿಮಿಷದಲ್ಲಿ ಮಾಯ. ಇದು ಮಂಡಿಯದೋ ಬೆನ್ನಿನದೋ?

ಉತ್ತರ: ಬೆನ್ನಿನದೇ ಇರಬೇಕು. ವಯಸ್ಸಾದಂತೆ ಕೀಲು, ಅಸ್ಥಿಬಂಧ ದಪ್ಪವಾಗಿ ನರಗಳ ನಾಳ ಇಕ್ಕಟ್ಟಾಗುತ್ತದೆ. ನೆಟ್ಟಗೆ ನಿಂತಾಗ ಇನ್ನಷ್ಟು ಕಿರಿದು, ಮುಂದಕ್ಕೆ ಬಾಗಿದಾಗ ಅಗಲ. ಅದಕ್ಕೇ ತಳ್ಳುಗಾಡಿ ಹಿಡಿದು ಬಾಗಿ ನಡೆದರೆ ಇವರಿಗೆ ಆರಾಮ. ಕಾಲಿನ ರಕ್ತನಾಳ ಕಟ್ಟಿದ್ದರೂ ನಡೆದರೆ ನೋವೇ, ಆದರೆ ಅದು ಕೂರದೆ ಸುಮ್ಮನೆ ನಿಂತರೂ ಇಳಿಯುತ್ತದೆ. ನಾಳ ಇಕ್ಕಟ್ಟಾದವರಿಗೆ ಕೂರಲೇಬೇಕು ಅಥವಾ ಬಾಗಲೇಬೇಕು. ಅಮ್ಮ ಯಾವುದನ್ನು ಮಾಡುತ್ತಾರೆ ಎಂದು ಗಮನಿಸಿ ವೈದ್ಯರಿಗೆ ಹೇಳಿ. ನಿಂತಲ್ಲೇ ಇರುವ ವ್ಯಾಯಾಮದ ಸೈಕಲ್ ತುಳಿಯುವುದು ಅವರಿಗೆ ನಡಿಗೆಗಿಂತ ಹಿತವಾದ ವ್ಯಾಯಾಮ.

ಇದೇ ವಯಸ್ಸಿನ ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು. ಜೋರಾಗಿ ಕೆಮ್ಮಿದಾಗಲೋ ಕಿಟಕಿ ಎತ್ತಿದಾಗಲೋ ಬೆನ್ನಿನ ನಡುವೆ ಚುಳ್ಳೆಂದು ನೋವು ಹುಟ್ಟಿ, ಆ ಮಣಿಯ ಮೇಲೆ ಬೆರಳಲ್ಲಿ ತಟ್ಟಿದರೆ ಜೀವ ಹೋದಂತಾದರೆ, ಟೊಳ್ಳಾದ ಮಣಿ ಕುಸಿದಿರಬಹುದು. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ನೋವಿಲ್ಲದಿದ್ದರೂ ಎಕ್ಸ್‌ರೇ ಮತ್ತು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ದಿನವಿಡೀ ಮೂಟೆ, ಪೆಟ್ಟಿಗೆ ಎತ್ತಿಡುವ ಕೆಲಸ. ಬೆಲ್ಟ್ ಕಟ್ಟಿಕೊಂಡರೆ ಬೆನ್ನು ಉಳಿಯುತ್ತದೆಯೇ? ಎಷ್ಟು ಕೆಜಿ ಎತ್ತಬಹುದು?

ಉತ್ತರ: ಬೆಲ್ಟ್ ನೋವು ಬರದಂತೆ ತಡೆಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಕಟ್ಟಿಕೊಂಡ ಧೈರ್ಯದಲ್ಲಿ ಹೆಚ್ಚು ಭಾರ ಎತ್ತುವ ಅಪಾಯವೇ ಹೆಚ್ಚು.

ಎಷ್ಟು ಕೆಜಿ ಎಂಬುದಕ್ಕೆ ಭಾರ ಒಂದೇ ಉತ್ತರ ಕೊಡುವುದಿಲ್ಲ, ಅದು ಮೈಯಿಂದ ಎಷ್ಟು ದೂರದಲ್ಲಿದೆ ಎಂಬುದೂ ಸೇರುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯ ಕುರಿತು ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗ ಮಿತಿ 23 ಕೆಜಿ. ಅನುಕೂಲ ಎಂದರೆ ಭಾರ ತೊಡೆಯ ಎತ್ತರದಲ್ಲಿರಬೇಕು, ಹಿಡಿ ಚೆನ್ನಾಗಿರಬೇಕು, ಮೈ ತಿರುಚಬಾರದು, ಪಾದಗಂಟುಗಳ ನಡುಬಿಂದುವಿನಿಂದ ಕೈಗೆ 25 ಸೆಂಟಿಮೀಟರ್ ಮಾತ್ರ ದೂರವಿರಬೇಕು. ಅದೇ ಪೆಟ್ಟಿಗೆ 50 ಸೆಂಟಿಮೀಟರ್ ದೂರದಲ್ಲಿದ್ದರೆ ಮಿತಿ ನೇರ ಅರ್ಧಕ್ಕೆ, 11.5 ಕೆಜಿಗೆ ಇಳಿಯುತ್ತದೆ. 63 ದಾಟಿದರೆ ಎತ್ತಲೇಬಾರದು ಎನ್ನುತ್ತದೆ ಸೂತ್ರ. 45 ಡಿಗ್ರಿ ಪಕ್ಕಕ್ಕೆ ತಿರುಚಿದರೆ ಇನ್ನೂ ಶೇ 14 ಕಡಿತ. ಪದೇ ಪದೇ ಎತ್ತುವ ಕೆಲಸಕ್ಕೆ ಇದಕ್ಕಿಂತಲೂ ಕಡಿಮೆ.

ಡಿಸ್ಕಿನೊಳಗೆ ಏನಾಗುತ್ತದೆ ಎಂದು ಅಳೆದೂ ಇದ್ದಾರೆ. 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕಿನೊಳಗೇ ಒತ್ತಡಮಾಪಕ ಇಟ್ಟರು. ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್. 20 ಕೆಜಿಯನ್ನು ಬೆನ್ನು ಗೂನು ಮಾಡಿ ಎತ್ತಿದಾಗ 2.3. ಮೊಣಕಾಲು ಮಡಚಿ, ಭಾರ ಮೈಗೆ ಹತ್ತಿರ ತಂದು ಎತ್ತಿದಾಗ 1.7.

ಎತ್ತುವ ಕ್ರಮ ಹೀಗಿರಲಿ. ಮೊದಲು ಪೆಟ್ಟಿಗೆಯನ್ನು ಕಾಲಲ್ಲಿ ತಳ್ಳಿ ಭಾರ ಅಂದಾಜು ಮಾಡಿ. ಒಂದು ಪಾದ ಪೆಟ್ಟಿಗೆಯ ಪಕ್ಕಕ್ಕೆ ಬರುವಂತೆ ನಿಂತು, ಪೃಷ್ಠ ಹಿಂದಕ್ಕೆ ಚಾಚಿ ಕೂರಿ. ಎರಡು ಕಾಲುಗಳ ನಡುವೆ ಬಾರದಷ್ಟು ದೊಡ್ಡ ಪೆಟ್ಟಿಗೆಯಾದರೆ ಪೂರ್ತಿ ಕುಕ್ಕರುಗಾಲಲ್ಲಿ ಕೂತರೆ ಮೊಣಕಾಲೇ ಅಡ್ಡ ಬಂದು ಭಾರ ದೂರ ಹೋಗುತ್ತದೆ. ಅಂಥದ್ದನ್ನು ಮೊದಲು ಒಂದು ತೊಡೆಯ ಮೇಲಕ್ಕೆ ಎಳೆದುಕೊಂಡು ಆಮೇಲೆ ಎದ್ದು ನಿಲ್ಲಿ. ಎದ್ದ ಮೇಲೆ ತಿರುಗಬೇಕಾದರೆ ಸೊಂಟ ತಿರುಚದೆ ಪಾದ ತಿರುಗಿಸಿ. ನಿಮ್ಮ ಕೈಯಲ್ಲಿದ್ದರೆ ಮೂಟೆಗಳನ್ನು ನೆಲದ ಬದಲು ಮೊಣಕಾಲಿಗಿಂತ ಎತ್ತರದ ಕಟ್ಟೆಯ ಮೇಲೆ ಪೇರಿಸಿ. ಎತ್ತುವವನಿಗೆ ಹೇಳುವ ಬುದ್ಧಿಮಾತಿಗಿಂತ ಈ ಕಟ್ಟೆ ಹೆಚ್ಚು ಬೆನ್ನುಗಳನ್ನು ಉಳಿಸುತ್ತದೆ ಎಂದು ನಾವು ನಂಬುತ್ತೇವೆ.

ಪ್ರಶ್ನೆ: ಕಂಪ್ಯೂಟರ್ ಮುಂದೆ ಒಂಬತ್ತು ಗಂಟೆ. ಸಂಜೆಗೆ ಸೊಂಟ ಉರಿ. ದುಬಾರಿ ಕುರ್ಚಿ ಕೊಳ್ಳಲೇ?

ಉತ್ತರ: ಇರುವ ಕುರ್ಚಿಯನ್ನು ಮೊದಲು ಸರಿಮಾಡಿ. ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಎತ್ತರ, ಊರದಿದ್ದರೆ ಕಾಲಡಿಗೆ ಮಣೆ. ಸೀಟಿನ ಅಂಚಿಗೂ ಮೊಣಕಾಲ ಹಿಂಬದಿಗೂ ಎರಡು ಮೂರು ಬೆರಳಿನ ಸಂದಿ. ಒರಗು ನೇರ 90 ಬೇಡ, 100–110 ಡಿಗ್ರಿ ಹಿಂದಕ್ಕಿದ್ದರೆ ಸೊಂಟದ ಭಾರ ಒರಗಿಗೆ ಹೋಗುತ್ತದೆ. ಪ್ಯಾಂಟಿನ ಬೆಲ್ಟ್ ಕಟ್ಟುವ ಮಟ್ಟದಲ್ಲಿ ಮಡಚಿದ ಟವೆಲಿನ ಸುರುಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನ ದೂರಕ್ಕೆ. ಲ್ಯಾಪ್‌ಟಾಪ್ ಆದರೆ ಅದನ್ನು ಎತ್ತರಿಸಿ ಬೇರೆ ಕೀಬೋರ್ಡ್ ಜೋಡಿಸಿ. ಇಷ್ಟಾದ ಮೇಲೂ ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂತರೆ ಯಾವ ಕುರ್ಚಿಯೂ ಕಾಯದು. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟದ ಮೇಲೆ ಕೈಯಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ, ಒಂದು ನಿಮಿಷ ನಡೆದು ಬನ್ನಿ. ಫೋನ್ ಬಂದಾಗಲೆಲ್ಲ ನಿಂತೇ ಮಾತಾಡುವುದು ಸುಲಭದ ಅಭ್ಯಾಸ.

ಪ್ರಶ್ನೆ: ನೋವು ಹೋದ ಮೇಲೆ ಮತ್ತೆ ಬಾರದಿರಲು ಯಾವ ವ್ಯಾಯಾಮ?

ಉತ್ತರ: ನಡಿಗೆ. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಆಗಷ್ಟೇ ಸೊಂಟನೋವಿನಿಂದ ಗುಣವಾಗಿದ್ದ 701 ಜನರಲ್ಲಿ ಒಂದು ಗುಂಪಿಗೆ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ನಡಿಗೆ ಕೊಟ್ಟರು, ನಿಧಾನವಾಗಿ ಹೆಚ್ಚಿಸುತ್ತ ವಾರಕ್ಕೆ ಐದು ದಿನ 30 ನಿಮಿಷದವರೆಗೆ. ನೋವು ಮರಳಲು ಅವರಿಗೆ ಹಿಡಿದ ಮಧ್ಯಕ ಅವಧಿ 208 ದಿನ. ನಡಿಗೆಯಿಲ್ಲದ ಗುಂಪಿಗೆ 112 ದಿನ. ಹತ್ತು ನಿಮಿಷದಿಂದ ಶುರುಮಾಡಿ, ವಾರಕ್ಕೆ ಐದು ನಿಮಿಷ ಏರಿಸುತ್ತ ಹೋಗಿ.

ಜೊತೆಗೆ ಕೆನಡಾದ ಬೆನ್ನುಮೂಳೆ ವಿಜ್ಞಾನಿ ಸ್ಟುವರ್ಟ್ ಮೆಕ್‌ಗಿಲ್ ಜನಪ್ರಿಯಗೊಳಿಸಿದ ಮೂರು ವ್ಯಾಯಾಮ ಮಾಡಬಹುದು. ಒಂದು: ಅಂಗಾತ ಮಲಗಿ ಒಂದು ಮೊಣಕಾಲು ಮಡಚಿ, ಇನ್ನೊಂದು ಕಾಲು ಚಾಚಿ, ಎರಡೂ ಅಂಗೈ ಸೊಂಟದ ಕೆಳಗಿನ ಟೊಳ್ಳಿನಲ್ಲಿಟ್ಟು, ತಲೆ ಮತ್ತು ಭುಜವನ್ನು ನೆಲದಿಂದ ಸ್ವಲ್ಪವೇ ಎತ್ತುವುದು. ಗದ್ದ ಎದೆಗೆ ಒತ್ತಬಾರದು, ಸೊಂಟ ಅಂಗೈಯನ್ನು ಅಮುಕಬಾರದು. ಎರಡು: ಮಗ್ಗುಲಾಗಿ ಮೊಣಕೈ ಮತ್ತು ಮೊಣಕಾಲು ಊರಿ ಸೊಂಟ ಎತ್ತುವುದು. ಮೂರು: ಅಂಬೆಗಾಲ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚುವುದು, ಆಮೇಲೆ ಅದಲುಬದಲು. ಸೊಂಟದ ಮೇಲೆ ನೀರಿನ ಲೋಟ ಇಟ್ಟಿದ್ದರೆ ಚೆಲ್ಲಬಾರದು, ಅಷ್ಟು ಸ್ಥಿರವಾಗಿರಲಿ. ಪ್ರತಿಯೊಂದನ್ನೂ ಹತ್ತು ಸೆಕೆಂಡ್ ಹಿಡಿದು, ಉಸಿರು ಕಟ್ಟದೆ, ಮೊದಲು ಆರು ಸಲ, ತುಸು ವಿರಾಮ, ನಾಲ್ಕು ಸಲ, ಮತ್ತೆ ವಿರಾಮ, ಎರಡು ಸಲ. ಕಾಲು ಚಾಚಿ ಪೂರ್ತಿ ಎದ್ದು ಕೂರುವ ಹಳೆಯ ಸಿಟ್‌ಅಪ್ ಬೇಡ, ಅದು ಡಿಸ್ಕನ್ನು ವಿನಾಕಾರಣ ಹಿಂಡುತ್ತದೆ. ಧೂಮಪಾನ ಮಾಡುತ್ತಿದ್ದರೆ ಅದನ್ನೂ ಬಿಡಿ. ಮಣಿಗಳ ಅಂಚಿನ ಸಣ್ಣ ರಕ್ತನಾಳಗಳು ಕಿರಿದಾದರೆ ಡಿಸ್ಕಿಗೆ ಮೊದಲೇ ಕಡಿಮೆಯಿರುವ ಪೋಷಣೆ ಇನ್ನೂ ಕಡಿಮೆಯಾಗುತ್ತದೆ.

ಪ್ರಶ್ನೆ: ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಒಳ್ಳೆಯದೇ?

ಉತ್ತರ: ಅಲ್ಲ, ಮಧ್ಯಮ ಗಟ್ಟಿಯದು. 2003ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನದಲ್ಲಿ 313 ಜನರಲ್ಲಿ ತೀರ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿ ಹಾಸಿಗೆಯವರೇ ಹೆಚ್ಚು ಸುಧಾರಿಸಿದರು. ಮಲಗಿದಾಗ ಸೊಂಟ ಗುಂಡಿಯಲ್ಲಿ ಇಳಿಯಬಾರದು, ಭುಜ ನೋಯಬಾರದು.

ಪ್ರಶ್ನೆ: ಮಗನಿಗೆ 14, ವೇಗದ ಬೌಲರ್. ಆರು ವಾರದಿಂದ ಸೊಂಟದ ಒಂದೇ ಕಡೆ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ. ಬೆಳೆಯುವ ವಯಸ್ಸಿನ ನೋವು ಎಂದು ಬಿಡಬಹುದೇ?

ಉತ್ತರ: ಬಿಡಬೇಡಿ, ಇವತ್ತಿನಿಂದಲೇ ಬೌಲಿಂಗ್ ನಿಲ್ಲಿಸಿ. ಚೆಂಡು ಬಿಡುವ ಕ್ಷಣದಲ್ಲಿ ಬೆನ್ನು ಹಿಂದಕ್ಕೆ, ಪಕ್ಕಕ್ಕೆ ಒಟ್ಟಿಗೇ ಬಾಗುತ್ತದೆ. ಮಣಿಯ ಹಿಂದಿನ ತೆಳುವಾದ ಮೂಳೆಸೇತುವೆ ಇದನ್ನೇ ಸಾವಿರಾರು ಸಲ ತಾಳಿ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಹೆಚ್ಚಾಗಿ ಐದನೇ ಸೊಂಟದ ಮಣಿಯಲ್ಲಿ ಅಥವಾ ಅದರ ಮೇಲಿನದರಲ್ಲಿ, ಬೌಲಿಂಗ್ ಮಾಡುವ ಕೈಯ ಎದುರು ಬದಿಯಲ್ಲಿ. ಎಕ್ಸ್‌ರೇಯಲ್ಲಿ ತಪ್ಪಿಹೋಗುತ್ತದೆ, ಎಂಆರ್‌ಐ ಬೇಕು. ಬೇಗ ಗೊತ್ತಾದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ನೋವು ಹೋದ ವಾರವೇ ಮೈದಾನಕ್ಕಿಳಿಸಿದರೆ ಕೂಡುವುದಿಲ್ಲ.

ಪ್ರಶ್ನೆ: ಏಳು ತಿಂಗಳ ಗರ್ಭಿಣಿ. ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ ಕಟಿಯ ಹಿಂದೆ ಕಿತ್ತಂತೆ ನೋವು.

ಉತ್ತರ: ಕಟಿಯ ಕೀಲುಗಳ ನೋವು ಇದು. ಮಗುವಿಗೆ ಅಪಾಯವಿಲ್ಲ. ಒಂಟಿಗಾಲಲ್ಲಿ ಭಾರ ಹಾಕುವುದನ್ನು ತಪ್ಪಿಸಿ: ಕೂತೇ ಬಟ್ಟೆ ಹಾಕಿಕೊಳ್ಳಿ, ಮೆಟ್ಟಿಲನ್ನು ಒಂದೊಂದಾಗಿ ಎರಡೂ ಪಾದ ಜೋಡಿಸಿ ಹತ್ತಿ. ಮಗ್ಗುಲಾಗುವಾಗ ಮೊಣಕಾಲುಗಳನ್ನು ಜೋಡಿಸಿಕೊಂಡೇ ತಿರುಗಿ. ಕಟಿಗೆ ಕಟ್ಟುವ ಬೆಲ್ಟ್ ಇಲ್ಲಿ ಕೆಲವರಿಗೆ ನಿಜಕ್ಕೂ ಉಪಕಾರಿ. ಐಬುಪ್ರೊಫೆನ್ ಜಾತಿಯ ಮಾತ್ರೆ ಸ್ವಂತವಾಗಿ ನುಂಗಬೇಡಿ. ನೋವು ಅಲೆಯಂತೆ ಬಂದು ಹೋಗುತ್ತಿದ್ದರೆ, ಮೂತ್ರ ಉರಿ ಅಥವಾ ಜ್ವರ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸೊಂಟನೋವು ಪೂರ್ತಿ ಹೋಗಿ ಮೂರು ತಿಂಗಳಾಯಿತು. ಆದರೂ 11 ಕೆಜಿಯ ಮಗಳನ್ನು ಎತ್ತಿಕೊಳ್ಳಲು ಭಯ. ಅವಳು ಕೈ ಚಾಚಿದಾಗ ಗಂಡನನ್ನು ಕರೆಯುತ್ತೇನೆ. (ವಯಸ್ಸು 31)

ಉತ್ತರ: ನಿಮ್ಮ ಬೆನ್ನು ಗುಣವಾಗಿದೆ, ಅದಕ್ಕೆ ಭಾರದ ಅಭ್ಯಾಸ ತಪ್ಪಿದೆ ಅಷ್ಟೆ. ಅಭ್ಯಾಸವನ್ನು ಮೆಟ್ಟಿಲು ಮೆಟ್ಟಿಲಾಗಿ ಮರಳಿ ತನ್ನಿ. ಚೀಲದಲ್ಲಿ 3 ಕೆಜಿ ತುಂಬಿ ಮೇಜಿನ ಎತ್ತರದಿಂದ ಎದೆಗೆ ತಂದು ಇಳಿಸಿ, ಎಂಟು ಸಲ, ದಿನ ಬಿಟ್ಟು ದಿನ. ಒಂದು ವಾರ ಸಲೀಸಾದರೆ ಅದೇ ಭಾರವನ್ನು ಕುರ್ಚಿಯ ಎತ್ತರದಿಂದ, ಆಮೇಲೆ ನೆಲದಿಂದ. ನಂತರ 5, 8, 11 ಕೆಜಿ. ಎತ್ತಿದ ದಿನ ಸೊಂಟ ತುಸು ಬಿಗಿದರೆ ಗಾಬರಿ ಬೇಡ. ಮರುದಿನ ಬೆಳಿಗ್ಗೆಯೊಳಗೆ ಇಳಿದರೆ ಮುಂದುವರಿಯಿರಿ, ಇಳಿಯದಿದ್ದರೆ ಹಿಂದಿನ ಮೆಟ್ಟಿಲಲ್ಲಿ ಇನ್ನೊಂದು ವಾರ ನಿಲ್ಲಿ.

ಮಗಳನ್ನು ಎತ್ತಲು ಅಷ್ಟು ವಾರ ಕಾಯಬೇಕಿಲ್ಲ. ಅವಳನ್ನೇ ಸೋಫಾ ಹತ್ತಿ ನಿಲ್ಲಲು ಹೇಳಿ. ನೀವು ಹತ್ತಿರ ಹೋಗಿ ಒಂದು ಪಾದ ಮುಂದಿಟ್ಟು, ಅವಳ ಕೈ ನಿಮ್ಮ ಕುತ್ತಿಗೆ ಸುತ್ತಿ, ಕಾಲು ನಿಮ್ಮ ಸೊಂಟ ಬಳಸಿದ ಮೇಲೆ ನೆಟ್ಟಗಾಗಿ. ಬಗ್ಗುವುದೇ ಇಲ್ಲ, 11 ಕೆಜಿಯೂ ಎದೆಗೆ ಅಂಟಿಕೊಂಡೇ ಇರುತ್ತದೆ. ಇದನ್ನು ಇವತ್ತೇ ಮಾಡಬಹುದು.